ಕಿಸೆಗೆ ತಕ್ಕ, ಕಿವಿಗೆ ಒಪ್ಪುವ ಹೆಡ್‌ಫೋನ್

ಹೆಡ್‌ಫೋನ್ ಈಗ ಸಿರಿವಂತರ ಮನೆಯ ಷೋಕಿಯ ವಸ್ತುವಲ್ಲ. ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ, ಪೆರ್ಲ ಎಂದು ಯಾವ ಪೇಟೆಗೆ ಹೋದರೂ ಮೊಬೈಲ್ ಅಂಗಡಿಗಳ ಮುಂದೆ ಅವು ಗೊಂಚಲು ಗೊಂಚಲಾಗಿ ತೂಗುತ್ತಿರುತ್ತವೆ. 2020ರ ಜೂನ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ತೆರೆಯದೆ, ಕೇರಳ ಸರಕಾರದ ‘ಫಸ್ಟ್ ಬೆಲ್’ ಪಾಠಗಳು ಮನೆಗೇ ಬರತೊಡಗಿದಾಗ, ಅದುವರೆಗೆ ಇಂಥದ್ದನ್ನು ಕೊಂಡಿರದ ಮನೆಗಳಿಗೂ ಒಂದು ಇಯರ್‌ಫೋನ್ ಬಂತು. ಪಾಠ ಮುಗಿಯಿತು, ಶಾಲೆ ತೆರೆಯಿತು. ಕಿವಿಗೆ ಸಿಕ್ಕಿಸಿದ ತಂತಿ ಮಾತ್ರ ಅಲ್ಲೇ ಉಳಿಯಿತು.

ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುವವರು, ಕೊಡೆ ಕೊಳ್ಳುವಾಗ ಬಿಡಿಸಿ ಕಡ್ಡಿ ಎಣಿಸುವವರು, ಕಿವಿಯೊಳಗೆ ಇಡುವ ವಸ್ತುವನ್ನು ಮಾತ್ರ ಡಬ್ಬಿಯ ಮೇಲಿನ ಚಿತ್ರ ನೋಡಿ ತರುತ್ತಾರೆ. ಮೂರು ತಿಂಗಳಲ್ಲಿ ಒಂದು ಬದಿ ಮೌನವಾಗುತ್ತದೆ. ಮತ್ತೊಂದನ್ನು ತರುತ್ತಾರೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ಕೊಂಡವರು ಒಟ್ಟಿಗೆ ಲೆಕ್ಕ ಹಾಕಿದರೆ ಆ ಹಣದಲ್ಲಿ ಒಂದು ಒಳ್ಳೆಯದೇ ಬರುತ್ತಿತ್ತು. ಇದು ಹಣದ ಮಾತು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ.

ಗಡಿನಾಡಿನ ಕನ್ನಡ ಮನೆಗಳ ಮಕ್ಕಳ ಕಿವಿಗೆ ಬೀಳುವ ಕನ್ನಡವೆಷ್ಟು ಎಂಬುದನ್ನು ಹಿರಿಯರು ಒಮ್ಮೆ ಯೋಚಿಸಬೇಕು. ಪೇಟೆಯಲ್ಲಿ ಮಲೆಯಾಳ, ಕಚೇರಿಯಲ್ಲಿ ಮಲೆಯಾಳ, ಅನೇಕ ಶಾಲೆಗಳಲ್ಲಿ ಇಂಗ್ಲಿಷು, ಅಂಗಳದಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ. ಅಚ್ಚುಕಟ್ಟಾದ ಕನ್ನಡದ ಉಚ್ಚಾರ ಕೇಳಲು ತರಗತಿಯೊಂದು, ಯಕ್ಷಗಾನವೊಂದು, ಮಂಗಳೂರು ಆಕಾಶವಾಣಿಯೊಂದು. ಈಗ ಯಕ್ಷಗಾನವೂ ಭಾವಗೀತೆಯೂ ಹರಿಕಥೆಯೂ ಮೊಬೈಲಿನಲ್ಲಿ ಸಿಗುತ್ತವೆ. ಅಂದರೆ ಕನ್ನಡ ಒಳಬರುವ ಬಾಗಿಲುಗಳಲ್ಲಿ ಈ ಕಿವಿಯ ಯಂತ್ರವೂ ಒಂದಾಗಿದೆ. ಆ ಬಾಗಿಲು ನೆಟ್ಟಗಿರಬೇಕು ಎಂಬುದು ನಮ್ಮ ವಾದ.

ಇದನ್ನು ಒಪ್ಪದವರಿದ್ದಾರೆ. ಹೆಡ್‌ಫೋನ್ ಎಂದರೆ ಮಕ್ಕಳನ್ನು ಕಿವುಡರನ್ನಾಗಿ, ಮನೆಮಂದಿಗೆ ಪರಕೀಯರನ್ನಾಗಿ ಮಾಡುವ ವಸ್ತು, ಅದನ್ನು ಒಲೆಗೆ ಹಾಕಬೇಕು ಎನ್ನುವ ಅಜ್ಜಂದಿರಿದ್ದಾರೆ. ಮಗ ಕೇಳಿದನೆಂದು ಐದಾರು ಸಾವಿರ ರೂಪಾಯಿ ಎಣಿಸಿಕೊಟ್ಟು, ಅದರಲ್ಲಿ ಆತ ಏನು ಕೇಳುತ್ತಾನೆ, ಎಷ್ಟು ಗಟ್ಟಿಯಾಗಿ ಕೇಳುತ್ತಾನೆ ಎಂದು ಎಂದೂ ವಿಚಾರಿಸದ ತಂದೆಯರೂ ಇದ್ದಾರೆ. ಇವೆರಡೂ ಅತಿಯೇ. ವಸ್ತು ಮನೆಗೆ ಬಂದಾಗಿದೆ. ಅದನ್ನು ಅರಿತು ಕೊಳ್ಳುವುದು, ಅರಿತು ಬಳಸುವುದು ಮಾತ್ರ ಉಳಿದ ದಾರಿ.

ಬೆಲೆಯೆಂಬ ಮಾಯೆ

ಈ ವಸ್ತುವಿಗೆ ನೂರು ವರ್ಷಕ್ಕೆ ಮಿಕ್ಕಿದ ಇತಿಹಾಸವಿದೆ. ಅಮೆರಿಕದ ಯೂಟಾ ಪ್ರಾಂತದ ನಥೇನಿಯಲ್ ಬಾಲ್ಡ್‌ವಿನ್ ಎಂಬಾತ 1910ರ ಸುಮಾರಿಗೆ ತನ್ನ ಅಡುಗೆಮನೆಯಲ್ಲೇ ಹೆಡ್‌ಫೋನುಗಳನ್ನು ತಯಾರಿಸಿ ಅಲ್ಲಿನ ನೌಕಾಪಡೆಗೆ ಒದಗಿಸಿದ. ಅದು ತಂತಿಸುದ್ದಿ ಕೇಳುವ ಸಾಧನ, ಸಂಗೀತ ಕೇಳುವುದಲ್ಲ. 1958ರಲ್ಲಿ ಜಾನ್ ಕಾಸ್ ಎರಡು ಕಿವಿಗೆ ಬೇರೆ ಬೇರೆ ಧ್ವನಿ ಕೊಡುವ ಸ್ಟೀರಿಯೊ ಹೆಡ್‌ಫೋನನ್ನು ತಂದ ಮೇಲೆ ಅದು ಸಂಗೀತಪ್ರಿಯರ ಕೈಗೆ ಬಂತು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆ ವಾಕ್‌ಮನ್ ಹೊರತಂದಾಗ, ಜತೆಗಿದ್ದ ಹಗುರವಾದ ಹೆಡ್‌ಫೋನನ್ನು ಜನ ಬೀದಿಯಲ್ಲೂ ಹಾಕಿಕೊಂಡು ನಡೆಯತೊಡಗಿದರು. ಕೊಲ್ಲಿ ರಾಜ್ಯಗಳಿಗೆ ದುಡಿಯಲು ಹೋದವರ ಪೆಟ್ಟಿಗೆಗಳಲ್ಲಿ ನಮ್ಮ ಜಿಲ್ಲೆಗೂ ಅದು ಬಂತು.

ಅಂದಿನಿಂದ ಇಂದಿನವರೆಗೆ ಒಂದು ನಂಬಿಕೆ ಬೆಳೆದುಬಂದಿದೆ. ಬೆಲೆ ಹೆಚ್ಚಿದಷ್ಟೂ ನಾದ ಚೆನ್ನ ಎಂಬುದೇ ಆ ನಂಬಿಕೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಧ್ವನಿವಿಜ್ಞಾನಿ 283 ಬಗೆಯ ಹೆಡ್‌ಫೋನುಗಳನ್ನು ಅಳೆದು ನೋಡಿ, ಅವುಗಳ ಮಂದ್ರ, ಮಧ್ಯ, ತಾರಗಳ ಸಮತೋಲಕ್ಕೂ ಅಂಗಡಿಯ ಬೆಲೆಗೂ ಸಂಬಂಧವೇ ಕಾಣುವುದಿಲ್ಲವೆಂದು ಪ್ರಕಟಿಸಿದರು. ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದೆಂದು ಅರ್ಥವಲ್ಲ. ಹೆಚ್ಚಿನ ಬೆಲೆಯಲ್ಲಿ ಗಟ್ಟಿಯಾದ ಕಟ್ಟು, ಮೆತ್ತನೆಯ ದಿಂಬು, ಒಳ್ಳೆಯ ಮೈಕು, ಹೊರಗಿನ ಸದ್ದು ಅಡಗಿಸುವ ಏರ್ಪಾಡು ಮುಂತಾದವು ಬರಬಹುದು. ಆದರೆ ನಾದದ ಸೊಗಸನ್ನು ಬೆಲೆಯ ಚೀಟಿಯಲ್ಲಿ ಓದಲಾಗದು. ಅದನ್ನು ಕಿವಿಯೇ ಓದಬೇಕು.

ಡಬ್ಬಿಯ ಮೇಲಿನ ಅಂಕಿಗಳಿಗೂ ಮರುಳಾಗಬೇಕಾಗಿಲ್ಲ. 20ರಿಂದ 20,000 ಹರ್ಟ್ಸ್ ಎಂದು ಎಲ್ಲರೂ ಅಚ್ಚು ಹಾಕಿಸುತ್ತಾರೆ. ಅದು ಎಳೆಯ, ಆರೋಗ್ಯವಂತ ಕಿವಿ ಕೇಳಬಲ್ಲ ವ್ಯಾಪ್ತಿ. ವಯಸ್ಸಾದಂತೆ ಮೇಲಿನ ತುದಿ ತಾನಾಗಿ ಇಳಿಯುತ್ತದೆ. ಹೀಗಿರುವಾಗ 40,000 ಹರ್ಟ್ಸ್ ಎಂಬ ಚೀಟಿಗೆ ಹೆಚ್ಚು ಹಣ ಕೊಡುವುದು ಕಾಣದ ಬಣ್ಣಕ್ಕೆ ದುಡ್ಡು ಕೊಟ್ಟಂತೆ. ಒಳಗಿನ ಪರದೆ ಇಷ್ಟು ಮಿಲಿಮೀಟರ್ ದೊಡ್ಡದು ಎಂಬುದೂ ಹಾಗೆಯೇ. ಮದ್ದಳೆ ದೊಡ್ಡದಾದ ಮಾತ್ರಕ್ಕೆ ಶ್ರುತಿ ಸೇರುತ್ತದೆಯೆ? ಓಮ್ ಎಂಬ ಅಂಕಿಗೆ ಮಾತ್ರ ಕೊಂಚ ಗಮನ ಕೊಡಬೇಕು. 16 ಅಥವಾ 32 ಓಮ್ ಇರುವುದು ಸಾಮಾನ್ಯವಾಗಿ ಮೊಬೈಲಿಗೆ ಹೊಂದುತ್ತದೆ. 1997ರಲ್ಲಿ ಬಂದು ಸಂಗೀತಜ್ಞರ ಮೆಚ್ಚುಗೆ ಪಡೆದ ಸೆನ್‌ಹೈಸರ್ ಎಚ್.ಡಿ. 600 ಎಂಬುದು 300 ಓಮಿನದು. ಅದಕ್ಕೆ ತಕ್ಕ ಆಂಪ್ಲಿಫೈಯರ್ ಬೇರೆ ಬೇಕು. ಬರಿಯ ಮೊಬೈಲಿಗೆ ಜೋಡಿಸಿದರೆ ಕ್ಷೀಣವಾಗಿಯೇ ನುಡಿಯುತ್ತದೆ.

ಯಾರ ಅಭಿರುಚಿಗೆ ಯಾವುದು?

ಅಭಿರುಚಿಯ ಮಾತಿಗೆ ಬರೋಣ. ಅಮೆರಿಕದ ಹರ್ಮನ್ ಸಂಸ್ಥೆಯ ಷಾನ್ ಆಲಿವ್ ಮತ್ತು ಸಂಗಡಿಗರು ಹಲವು ವರ್ಷ ಕೇಳುಗರನ್ನು ಪರೀಕ್ಷಿಸಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರು ನುಡಿದಂತೆ ಕೇಳುವ ಹೆಡ್‌ಫೋನನ್ನೇ ಬಹುಪಾಲು ಜನ ಮೆಚ್ಚುತ್ತಾರೆಂದು ಅವರು ಕಂಡುಕೊಂಡರು. ಕೆಲವರಿಗೆ ಮಂದ್ರ ಸ್ವಲ್ಪ ಹೆಚ್ಚು ಬೇಕು, ಕೆಲವರಿಗೆ ಕಡಿಮೆ ಸಾಕು. ವ್ಯತ್ಯಾಸ ಇರುವುದು ಇಷ್ಟರಲ್ಲಿಯೇ. ಆದರೆ ಪೇಟೆಯಲ್ಲಿ ಸಿಗುವ ಅಗ್ಗದ ಮಾಲಿನ ಬಹುಭಾಗ ‘ಬೇಸ್’ ಎಂಬ ಒಂದೇ ಮಂತ್ರ ಜಪಿಸುತ್ತದೆ. ಎದೆ ನಡುಗಿಸುವ ಗುಡುಗು ಎಲ್ಲರಿಗೂ ಬೇಕೆಂದು ತಯಾರಕರು ತಾವಾಗಿಯೇ ತೀರ್ಮಾನಿಸಿಬಿಟ್ಟಿದ್ದಾರೆ.

ಇಲ್ಲಿಯೇ ನಮ್ಮ ಮನೆಗಳ ಅಭಿರುಚಿಗೂ ಪೇಟೆಯ ಮಾಲಿಗೂ ಹೊಂದಿಕೆ ತಪ್ಪುವುದು. ತಾಳಮದ್ದಳೆಯ ಕೂಟವನ್ನೇ ತೆಗೆದುಕೊಳ್ಳೋಣ. ಅದರ ಜೀವ ಇರುವುದು ಮಾತಿನಲ್ಲಿ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಹಳೆಯ ಧ್ವನಿಮುದ್ರಣವನ್ನು ಕೇಳುವವನಿಗೆ ವಾಕ್ಯದ ಕೊನೆಯ ಅಕ್ಷರವೂ ಸ್ಪಷ್ಟವಾಗಿ ಕೇಳಬೇಕು. ಮನುಷ್ಯನ ಮಾತಿನಲ್ಲಿ ಸ್ವರಗಳ ತೂಕ ಕೆಳಗಿನ ಕಂಪನಗಳಲ್ಲಿದ್ದರೆ, ವ್ಯಂಜನಗಳ ಸ್ಪಷ್ಟತೆ ಮುಖ್ಯವಾಗಿ 2,000 ಹರ್ಟ್ಸಿನಿಂದ ಮೇಲಕ್ಕಿದೆ. ಶಕಾರ, ಷಕಾರ, ಸಕಾರಗಳ ಸಿಳ್ಳು ಇನ್ನೂ ಮೇಲಿದೆ. ಮಂದ್ರ ಅತಿಯಾದರೆ ಅದು ತನಗಿಂತ ಮೇಲಿನ ಸೂಕ್ಷ್ಮ ಧ್ವನಿಗಳನ್ನು ಮುಚ್ಚಿಹಾಕುತ್ತದೆ. ಆಗ ಅಲ್ಪಪ್ರಾಣ, ಮಹಾಪ್ರಾಣಗಳ ಭೇದ ಹೋಗುತ್ತದೆ. ಮಾತು ಕೇಳಿದಂತಾಗುತ್ತದೆ, ತಿಳಿಯುವುದಿಲ್ಲ. ಮಗು ಕನ್ನಡ ಕಲಿಯುವುದೇ ಇಂಥ ಕಿವಿಯಿಂದಾದರೆ ಬರೆಹದಲ್ಲೂ ‘ಧನ’ ಯಾವುದು, ‘ದನ’ ಯಾವುದು ಎಂಬ ಗೊಂದಲ ಕಾಣಿಸಿಕೊಂಡೀತು. ಆದ್ದರಿಂದ ಕೂಟ, ಹರಿಕಥೆ, ಪಾಠ, ವಾರ್ತೆ ಕೇಳುವವರು ಮಧ್ಯಧ್ವನಿ ತಿಳಿಯಾಗಿರುವುದನ್ನೇ ಆರಿಸಬೇಕು.

ಬಯಲಾಟದ ಮುದ್ರಣದ ಗುಣವೇ ಬೇರೆ. ತೆಂಕುತಿಟ್ಟಿನ ಚೆಂಡೆಯ ಪೆಟ್ಟು ಬಹಳ ತೀಕ್ಷ್ಣ. ಬಯಲಿನಲ್ಲಿ ಹಿಡಿದ ಮುದ್ರಣಗಳಲ್ಲಿ ಅದು ಕೆಲವೊಮ್ಮೆ ಸೀಳಿಹೋಗಿರುತ್ತದೆ. ತಾರಧ್ವನಿಯನ್ನು ಅತಿಯಾಗಿ ಎತ್ತಿ ಹಿಡಿಯುವ ಹೆಡ್‌ಫೋನಿನಲ್ಲಿ ಇದನ್ನು ಅರ್ಧ ಗಂಟೆ ಕೇಳಿದರೆ ತಲೆ ಸಿಡಿಯುತ್ತದೆ. ಭಾಗವತರ ಪದ, ಮದ್ದಳೆಯ ಗುಂಜು, ಚಕ್ರತಾಳದ ನಾದ ಮೂರೂ ಬೇರೆ ಬೇರೆಯಾಗಿ, ಒಂದರ ಮೇಲೊಂದು ಬೀಳದೆ ಕೇಳಿದರೆ ಆ ಹೆಡ್‌ಫೋನ್ ಆಟಕ್ಕೆ ಯೋಗ್ಯವೆಂದು ತಿಳಿಯಬಹುದು. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕೆ?

ಶಾಸ್ತ್ರೀಯ ಸಂಗೀತ ಕೇಳುವವರಿಗೆ ಕಿವಿಯ ಮೇಲೆ ಪೂರ್ತಿ ಕೂರುವ, ಹಿಂಬದಿ ತೆರೆದ ಹೆಡ್‌ಫೋನ್ ಒಪ್ಪುತ್ತದೆ. ತಂಬೂರಿಯ ಅನುರಣನ, ವೀಣೆಯ ಗಮಕ, ಮೃದಂಗದ ಎಡಬಲಗಳು ಅದರಲ್ಲಿ ಸಭೆಯಲ್ಲಿ ಕೂತು ಕೇಳಿದಂತೆ ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಹೊರಗಿನ ಸದ್ದು ಒಳಗೆ, ಒಳಗಿನ ಸದ್ದು ಹೊರಗೆ ಧಾರಾಳವಾಗಿ ಹೋಗುತ್ತದೆ. ಮಲಗಿದವರ ಪಕ್ಕದಲ್ಲಿ, ಬಸ್ಸಿನಲ್ಲಿ ಇದು ಸಲ್ಲದು. ಹಿಂಬದಿ ಮುಚ್ಚಿದ್ದು ಅಲ್ಲಿಗೆ ಮೇಲು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥರ ಗೀತೆಗಳನ್ನೋ, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿಯವರ ಹಳೆಯ ಚಿತ್ರಗೀತೆಗಳನ್ನೋ ಕೇಳುವವರು ದೊಡ್ಡ ಮೊತ್ತ ಸುರಿಯಬೇಕಾಗಿಲ್ಲ. ಹಳೆಯ ಮುದ್ರಣಗಳಲ್ಲಿ ಎಡಬಲ ಎಂಬ ಭೇದವೇ ಹಲವೆಡೆ ಇಲ್ಲ, ಮೇಲಿನ ಕಂಪನಗಳೂ ಕಡಿಮೆ. ಬಲು ಸೂಕ್ಷ್ಮವಾದ ಹೆಡ್‌ಫೋನಿನಲ್ಲಿ ಕೇಳಿದರೆ ಹಾಡಿಗಿಂತ ಮೊದಲು ಟೇಪಿನ ಹಿಸ್ ಶಬ್ದವೇ ಎದ್ದು ಕೇಳುತ್ತದೆ. ಕೊಂಚ ಬೆಚ್ಚಗಿನ, ಮೃದುವಾದ ನಾದದ ಸಾಧಾರಣ ಹೆಡ್‌ಫೋನೇ ಇದಕ್ಕೆ ಹಿತ.

ಹುಡುಗರು ಕೇಳುವ ಹೊಸ ಸಿನಿಮಾ ಹಾಡು, ಕುಣಿತದ ಹಾಡುಗಳಿಗೆ ಮಂದ್ರ ಬೇಕೇ ಬೇಕು. ಅವು ಅದಕ್ಕಾಗಿಯೇ ರಚಿತವಾದವು. ಅದು ಕೀಳು ಅಭಿರುಚಿಯೆಂದು ಮೂಗು ಮುರಿಯುವುದು ಸರಿಯಲ್ಲ. ನಮ್ಮ ಮಕ್ಕಳು ಮಲೆಯಾಳದ ಹಾಡು ಕೇಳುತ್ತಾರೆಂದು ಸಿಡುಕುವುದೂ ಸರಿಯಲ್ಲ. ನೆರೆಯವರ ಒಳ್ಳೆಯ ಹಾಡನ್ನು ಕೇಳುವುದರಿಂದ ಕನ್ನಡ ಬಡವಾಗುವುದಿಲ್ಲ. ಕನ್ನಡದ ಒಳ್ಳೆಯದನ್ನು ಕೇಳಿಸದಿದ್ದರೆ ಬಡವಾಗುತ್ತದೆ. ಮಂದ್ರ ಬೇಕಾದವರು ಒಂದು ವಿಷಯ ತಿಳಿದಿರಲಿ: ಕಿವಿಯೊಳಗೆ ಸೇರಿಸುವ ಇಯರ್‌ಫೋನಿನಲ್ಲಿ ಮಂದ್ರ ಹುಟ್ಟುವುದು ರಬ್ಬರ್ ಮೊಗ್ಗು ಕಿವಿಯ ರಂಧ್ರವನ್ನು ಬಿಗಿಯಾಗಿ ಮುಚ್ಚಿದಾಗ. ಡಬ್ಬಿಯಲ್ಲಿ ಸಾಮಾನ್ಯವಾಗಿ ಚಿಕ್ಕ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ಮೊಗ್ಗು ಇರುತ್ತವೆ. ಅವನ್ನು ಬದಲಿಸಿ ನೋಡದೆ ‘ಇದರಲ್ಲಿ ಬೇಸ್ ಇಲ್ಲ’ ಎಂದು ಹೊಸದು ಕೊಳ್ಳಲು ಓಡುವವರೇ ಹೆಚ್ಚು.

ಕಿಸೆಯ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ವ್ಯಾಪಾರಕ್ಕೂ ಸಲ್ಲುತ್ತದೆ. ಅಡಿಕೆಯ ಧಾರಣೆ ನೋಡಿ ವರ್ಷದ ಖರ್ಚು ಹಾಕುವ ಮನೆಗಳು, ಬೀಡಿ ಕಟ್ಟಿ ಮಕ್ಕಳ ಶುಲ್ಕ ಹೊಂದಿಸುವ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ದೃಷ್ಟಿಯಿಂದಲೇ ಇದನ್ನು ನೋಡೋಣ.

ಐನೂರರಿಂದ ಸಾವಿರ ರೂಪಾಯಿಯೊಳಗೆ ಕೊಳ್ಳುವವರು ತಂತಿಯುಳ್ಳದ್ದನ್ನೇ ಕೊಳ್ಳಬೇಕೆಂದು ನಮ್ಮ ಖಚಿತ ಅಭಿಪ್ರಾಯ. ತಂತಿಯಿಲ್ಲದ್ದರಲ್ಲಿ ಬ್ಯಾಟರಿಗೆ, ಬ್ಲೂಟೂತ್ ಯಂತ್ರಕ್ಕೆ, ಚಾರ್ಜು ಮಾಡುವ ಡಬ್ಬಿಗೆ ಎಂದು ಹಣ ಹಂಚಿಹೋಗಿ, ನಾದಕ್ಕೆ ಉಳಿಯುವುದು ಅಲ್ಪ. ತಂತಿಯದ್ದರಲ್ಲಿ ಕೊಟ್ಟ ಹಣವೆಲ್ಲ ನಾದಕ್ಕೇ. ಇನ್ನೊಂದು ಮುಖ್ಯ ಸಂಗತಿ, ತಂತಿಯಿಲ್ಲದ್ದರ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೊರಗುತ್ತದೆ. ಕಿವಿಯೊಳಗಿಡುವ ಪುಟ್ಟ ಮೊಗ್ಗುಗಳಲ್ಲಿ ಅದನ್ನು ಬದಲಿಸುವ ಅನುಕೂಲವೇ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕಿವಿಯದು ಕಳೆದುಹೋದರೆ ಜೊತೆಯೇ ವ್ಯರ್ಥ. ತಂತಿಯದ್ದನ್ನು ಸುತ್ತಿ ಜೋಪಾನವಾಗಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ತಂತಿಯನ್ನೇ ಬೇರೆ ಮಾಡಿ ಬದಲಿಸಬಹುದಾದ ಇಯರ್‌ಫೋನುಗಳೂ ಈಗ ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಅಂಥವು ಬಡವರ ಪಾಲಿಗೆ ವರ.

ಕನ್ನಡಿಗರಿಗೆ ತಂತಿಯಿಂದ ಇನ್ನೊಂದು ಲಾಭವೂ ಇದೆ. ಎಫ್.ಎಂ. ರೇಡಿಯೋ ಇರುವ ಮೊಬೈಲುಗಳಲ್ಲಿ ಈ ತಂತಿಯೇ ಏರಿಯಲ್ ಆಗಿ ಕೆಲಸ ಮಾಡುತ್ತದೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಕನ್ನಡ, ಅದರ ಅಲೆ ತಲಪುವ ಊರುಗಳಲ್ಲಿ, ಇಂಟರ್‌ನೆಟ್ಟಿನ ಖರ್ಚಿಲ್ಲದೆ ಕಿವಿಗೆ ಬರುತ್ತದೆ. ಬ್ಲೂಟೂತ್ ಮೊಗ್ಗಿನಿಂದ ಈ ಕೆಲಸ ಆಗದು. ಆದರೆ ಕೊಳ್ಳುವ ಮುನ್ನ ಮೊಬೈಲಿನಲ್ಲಿ ದುಂಡನೆಯ 3.5 ಮಿಲಿಮೀಟರ್ ತೂತು ಇದೆಯೋ ಇಲ್ಲವೋ ನೋಡಿಕೊಳ್ಳಿ. 2016ರಲ್ಲಿ ಆಪಲ್ ಸಂಸ್ಥೆ ತನ್ನ ಐಫೋನ್ 7ರಲ್ಲಿ ಅದನ್ನು ತೆಗೆದುಹಾಕಿದ ಮೇಲೆ ಬೇರೆಯವರೂ ಅದೇ ಹಾದಿ ಹಿಡಿದರು. ತೂತಿಲ್ಲದಿದ್ದರೆ ಟೈಪ್-ಸಿ ತುದಿಯ ಇಯರ್‌ಫೋನೋ, ಕೆಲವು ನೂರು ರೂಪಾಯಿಯ ಜೋಡಕವೋ ಬೇಕಾದೀತು.

ಸಾವಿರದಿಂದ ಮೂರು ಸಾವಿರದವರೆಗೆ ಕೊಡಬಲ್ಲವರಿಗೆ ಕುತ್ತಿಗೆಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡು, ಬಿಡಿ ಮೊಗ್ಗುಗಳು, ಕಿವಿಯನ್ನು ಆವರಿಸುವ ಸಾಧಾರಣ ಹೆಡ್‌ಫೋನು ಮೂರೂ ಲಭ್ಯ. ಕೆಲಸ ಮಾಡುತ್ತ, ಅತ್ತಿತ್ತ ಓಡಾಡುತ್ತ ಕೇಳುವವರಿಗೆ ನೆಕ್‌ಬ್ಯಾಂಡು ಒಳ್ಳೆಯದು, ಬಿದ್ದು ಕಳೆದುಹೋಗುವ ಭಯವಿಲ್ಲ. ನಮ್ಮ ಕರಾವಳಿಯ ಬೆವರಿಗೂ ಮಳೆಗೂ ಐ.ಪಿ.ಎಕ್ಸ್. 4 ಎಂಬ ಗುರುತು ಇರುವುದನ್ನು ನೋಡಿಕೊಳ್ಳುವುದು ವಾಸಿ. ಮನೆಯಲ್ಲಿ ಕುಳಿತು ಕೇಳುವವರಿಗೆ ಕಿವಿ ಆವರಿಸುವುದು ಹಿತ, ಆದರೆ ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಅದರ ದಿಂಬು ಬೆವರಿ ಅಂಟುತ್ತದೆಂಬುದು ನೆನಪಿರಲಿ. ಐದು ಸಾವಿರದ ಸುಮಾರಿಗೆ ಧ್ವನಿಮುದ್ರಣದವರು ಬಳಸುವಂಥ, ತಂತಿಯುಳ್ಳ ಗಟ್ಟಿ ಹೆಡ್‌ಫೋನುಗಳು ಸಿಗುತ್ತವೆ. ಸಂಗೀತ ಕಲಿಯುವ ಮಕ್ಕಳಿರುವ ಮನೆಗೆ ಅಷ್ಟು ಸಾಕು. ಅದಕ್ಕಿಂತ ಮೇಲೆ ಒಂದೊಂದು ಸಾವಿರ ಹೆಚ್ಚಿಸಿದಾಗಲೂ ಸಿಗುವ ಸುಖದ ಹೆಚ್ಚಳ ಕಿರಿದಾಗುತ್ತ ಹೋಗುತ್ತದೆ.

ಎಲ್‌ಡಾಕ್, ಆಪ್ಟೆಕ್ಸ್ ಮೊದಲಾದ ಹೆಸರು ಹೇಳಿ ಹೆಚ್ಚು ಬೆಲೆ ಕೇಳುವುದುಂಟು. ಅವು ಬ್ಲೂಟೂತಿನಲ್ಲಿ ಹೆಚ್ಚು ವಿವರ ಸಾಗಿಸುವ ಕ್ರಮಗಳು. ಆದರೆ ಯೂಟ್ಯೂಬಿನಿಂದ ಕೇಳುವ ಯಕ್ಷಗಾನ ಮೊದಲೇ ಹಿಂಡಿ ಕಿರಿದಾಗಿಸಿದ್ದು. ಕೊಡದಲ್ಲಿ ಅರ್ಧ ನೀರಿದ್ದಾಗ ದೊಡ್ಡ ಕೊಳವೆ ಹಾಕಿ ಏನು ಪ್ರಯೋಜನ?

ಅಂಗಡಿಯಲ್ಲಿ ನಿಂತಾಗ

ಕೊಳ್ಳಲು ಹೋಗುವವರು ತಮ್ಮ ಮೊಬೈಲಿನಲ್ಲಿ ಮೂರು ತುಣುಕು ಸಿದ್ಧವಿಟ್ಟುಕೊಂಡು ಹೋಗಲಿ: ಒಂದು ತಾಳಮದ್ದಳೆಯ ಮಾತು, ಒಂದು ಒಬ್ಬರೇ ಹಾಡಿದ ಗೀತೆ, ಒಂದು ವಾದ್ಯಗಳೆಲ್ಲ ಒಟ್ಟಿಗೆ ನುಡಿಯುವ ಹಾಡು. ಚೆನ್ನಾಗಿ ಪರಿಚಯವಿರುವುದೇ ಆಗಲಿ. ಅಂಗಡಿಯವರು ಹಾಕಿ ತೋರಿಸುವ ಹಾಡು ಅವರ ಮಾಲಿಗೆ ಒಪ್ಪುವಂಥದ್ದೇ ಆಗಿರುತ್ತದೆ. ಮಾದರಿ ತೋರಿಸುವ ಕಡೆ ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇಟ್ಟುಕೊಳ್ಳಿ. ಗಟ್ಟಿಯಾಗಿ ಕೇಳಿದ್ದೇ ಚೆನ್ನಾಗಿ ಕೇಳಿದಂತೆ ಭ್ರಮೆ ಹುಟ್ಟಿಸುವುದು ಕಿವಿಯ ಸ್ವಭಾವ. ಹತ್ತು ನಿಮಿಷ ಹಾಕಿಕೊಂಡು ನೋಡಿ. ಕನ್ನಡಕ ಹಾಕುವವರು ಕನ್ನಡಕದೊಡನೆಯೇ ನೋಡಬೇಕು, ದಿಂಬು ಅದರ ಕಡ್ಡಿಯನ್ನು ಒತ್ತಿದರೆ ನೋವಾಗುತ್ತದೆ.

ಬಿಲ್ಲು ಕೇಳಿ ಪಡೆಯುವುದು ನಮ್ಮ ಜನರಿಗೆ ಸಂಕೋಚದ ವಿಷಯವಾಗಿದೆ. ಬಿಲ್ಲಿಲ್ಲದೆ ಗ್ಯಾರಂಟಿಯಿಲ್ಲ. ತಂತಿಯಿಲ್ಲದ ಹೆಡ್‌ಫೋನುಗಳಲ್ಲಿ ಭಾರತೀಯ ಮಾನಕ ಸಂಸ್ಥೆಯ ಗುರುತೂ, ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದೆಯೇ ಎಂದು ನೋಡಿಕೊಳ್ಳಿ. ಹೆಸರಾಂತ ಕಂಪೆನಿಯ ಮಾಲು ಕಾಲು ಬೆಲೆಗೆ ಸಿಕ್ಕಿದರೆ ಅದು ಬಹುಶಃ ನಕಲಿಯೇ. ಕೊಲ್ಲಿಯಿಂದ ಬಂಧುಗಳು ತಂದುಕೊಟ್ಟದ್ದು ಅಸಲಿಯೇ ಆಗಿದ್ದರೂ ಅಲ್ಲಿಯ ಗ್ಯಾರಂಟಿ ಇಲ್ಲಿ ನಡೆಯದಿರಬಹುದು, ಕೇಳಿಕೊಂಡು ತರಿಸುವುದು ಮೇಲು. ಮಾಲು ಕೆಟ್ಟು ಅಂಗಡಿಯವರು ಕೈ ಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ ಜಿಲ್ಲಾ ಆಯೋಗಕ್ಕೆ ಹೋಗುವ ದಾರಿಯೂ ಇದೆ. ಐದು ಲಕ್ಷ ರೂಪಾಯಿಯವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಭಾಷಾ ಅಲ್ಪಸಂಖ್ಯಾತರೆಂದು ಎಲ್ಲಿಯೂ ಹಿಂಜರಿಯಬೇಕಾಗಿಲ್ಲ.

ಕಿವಿ ಒಂದೇ ಜೊತೆ

ಹೆಡ್‌ಫೋನ್ ಹಾಳಾದರೆ ಇನ್ನೊಂದು ಕೊಳ್ಳಬಹುದು. ಒಳಕಿವಿಯ ಕೂದಲಿನಂಥ ಸೂಕ್ಷ್ಮ ಜೀವಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾನಿ ನೋವಿಲ್ಲದೆ ಆಗುತ್ತದೆ, ಆದ್ದರಿಂದ ತಿಳಿಯುವುದೇ ಇಲ್ಲ. ಮೊದಲು ಹೋಗುವುದು ತಾರಧ್ವನಿ, ಅಂದರೆ ಮೇಲೆ ಹೇಳಿದ ಆ ವ್ಯಂಜನಗಳ ಸ್ಪಷ್ಟತೆಯೇ. 12ರಿಂದ 35 ವಯಸ್ಸಿನ ನೂರು ಕೋಟಿಗೂ ಮಿಕ್ಕಿದ ಜನರ ಕಿವಿಗಳು ಈ ಅಪಾಯದಲ್ಲಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿತು.

ಅದೇ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾನದಂಡದ ಲೆಕ್ಕ ಸುಲಭವಾಗಿದೆ. ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗಾದರೆ 75 ಡೆಸಿಬೆಲ್ ಮಟ್ಟಕ್ಕೆ ಅಷ್ಟೇ ಗಂಟೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. 95ಕ್ಕೆ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ. ಡೆಸಿಬೆಲ್ ಅಳೆಯುವುದು ಹೇಗೆಂದು ಕೇಳಬಹುದು. ಮೊಬೈಲಿನ ಸದ್ದನ್ನು ನೂರಕ್ಕೆ ಅರುವತ್ತಕ್ಕಿಂತ ಮೇಲೆ ಏರಿಸದಿರುವುದು, ಗಂಟೆಗೊಮ್ಮೆ ಕಿವಿಗೆ ಬಿಡುವು ಕೊಡುವುದು ಮನೆಮಟ್ಟಿನ ಉಪಾಯ. ಒಂದು ತೋಳಿನ ದೂರದಲ್ಲಿ ನಿಂತು ಸಾಮಾನ್ಯ ದನಿಯಲ್ಲಿ ಕರೆದದ್ದು ಮಗುವಿಗೆ ಕೇಳದಿದ್ದರೆ ಸದ್ದು ಹೆಚ್ಚಾಗಿರಬಹುದೆಂದು ಇಳಿಸಿ ನೋಡಬೇಕು.

ಮಂಜೇಶ್ವರ, ಕುಂಬಳೆ, ಕಾಸರಗೋಡುಗಳಿಂದ ನಿತ್ಯ ಮಂಗಳೂರಿಗೆ ರೈಲಿನಲ್ಲೂ ಬಸ್ಸಿನಲ್ಲೂ ಹೋಗಿಬರುವ ಕಾಲೇಜು ಮಕ್ಕಳು, ಉದ್ಯೋಗಸ್ಥರು ಬಹಳ. ಗಾಡಿಯ ಗದ್ದಲವನ್ನು ಮೀರಿಸಲು ಸದ್ದು ಏರಿಸುತ್ತ ಹೋಗುವುದೇ ಅಪಾಯದ ಮೂಲ. ಕಿವಿಯ ರಂಧ್ರವನ್ನು ಮುಚ್ಚುವ ಇಯರ್‌ಫೋನ್ ಆದರೆ ಹೊರಗಿನ ಗದ್ದಲ ತಗ್ಗಿ, ಕಡಿಮೆ ಸದ್ದಿನಲ್ಲೇ ಹಾಡು ಕೇಳುತ್ತದೆ. ಗದ್ದಲ ಅಡಗಿಸುವ ಯಂತ್ರವಿರುವ ಹೆಡ್‌ಫೋನುಗಳೂ ಇವೆ. ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕುಳಿತು ಯೋಚಿಸಿ ಬೆಳೆಸಿದ್ದು ಇದನ್ನೇ. ಹೊರಗಿನ ಅಲೆಗೆ ಎದುರು ಅಲೆ ಹುಟ್ಟಿಸಿ ಅದನ್ನು ಅಳಿಸುವುದು ಅದರ ಕ್ರಮ. ಎಂಜಿನಿನ ಏಕತಾನದ ಗುಂಯ್‌ಗುಡುವಿಕೆಗೆ ಅದು ಚೆನ್ನಾಗಿ ಹಿಡಿಯುತ್ತದೆ, ಜನರ ಮಾತಿಗೆ ಅಷ್ಟಿಲ್ಲ. ದಿನವೂ ಪ್ರಯಾಣವಿರುವವರಿಗೆ ಇದಕ್ಕೆ ಕೊಡುವ ಹಣ ದಂಡವಲ್ಲ. ಆದರೆ ರೈಲು ಹಳಿ ದಾಟುವಾಗ, ರಸ್ತೆ ದಾಟುವಾಗ, ಸ್ಕೂಟರಿನಲ್ಲಿ ಹೋಗುವಾಗ ಕಿವಿ ಬಿಚ್ಚಿರಲೇಬೇಕು. ಇದರಲ್ಲಿ ರಾಜಿಯಿಲ್ಲ.

ಕೂಡಿ ಕೇಳುವುದು

ಕೊನೆಗೆ, ಮನೆಮಂದಿ ಬೇರೆಬೇರೆಯಾಗುತ್ತಾರೆಂಬ ಅಜ್ಜಂದಿರ ದೂರಿಗೆ ಉತ್ತರಿಸಬೇಕು. ಆ ದೂರಿನಲ್ಲಿ ಹುರುಳಿದೆ. ಸೋನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಅವರಿಗೂ ಇದೇ ಚಿಂತೆಯಿತ್ತು. ಒಬ್ಬನೇ ಕೇಳುವುದು ಒರಟುತನವೆಂದು ಅವರಿಗೆ ಕಂಡಿತು. ಅದಕ್ಕಾಗಿ 1979ರ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಒಟ್ಟಿಗೆ ಕೇಳಲು ಎರಡು ತೂತುಗಳನ್ನು ಇರಿಸಲಾಗಿತ್ತು. ಜನ ಒಬ್ಬೊಬ್ಬರೇ ಕೇಳತೊಡಗಿದ್ದರಿಂದ ಮುಂದೆ ಆ ಏರ್ಪಾಡು ಹೊರಟುಹೋಯಿತು.

ಹೋದದ್ದನ್ನು ನಾವು ಮನೆಯಲ್ಲಿ ಮರಳಿ ತರಬಹುದು. ಒಂದು ತೂತಿಗೆ ಎರಡು ಇಯರ್‌ಫೋನ್ ಜೋಡಿಸುವ ಕವಲು ತಂತಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಅಜ್ಜನೂ ಮೊಮ್ಮಗಳೂ ಒಂದೇ ಕೂಟವನ್ನು ಒಟ್ಟಿಗೆ ಕೇಳಿದರೆ, ಕರ್ಣ ಹೀಗೇಕೆಂದ, ಕೃಷ್ಣ ಹಾಗೇಕೆಂದ ಎಂಬ ಮಾತು ಆಮೇಲೆ ಅಂಗಳದಲ್ಲಿ ಕನ್ನಡದಲ್ಲೇ ನಡೆದೀತು. ಕಿವಿ ಮಂದವಾದ ಹಿರಿಯರಿಗೆ ಕಿವಿ ಆವರಿಸುವ ತಂತಿಯ ಹೆಡ್‌ಫೋನೊಂದನ್ನು ಕೊಟ್ಟರೆ ಟಿ.ವಿ.ಯ ಅಬ್ಬರ ತಗ್ಗಿ ಮಕ್ಕಳ ಓದಿಗೂ ಅನುಕೂಲ. ಆದರೆ ಅದು ಶ್ರವಣಯಂತ್ರಕ್ಕೆ ಬದಲಿಯಲ್ಲ, ಕಿವಿಯ ಪರೀಕ್ಷೆ ಮಾಡಿಸುವುದನ್ನು ಮುಂದೂಡಬಾರದು. ವಾರಕ್ಕೊಮ್ಮೆಯಾದರೂ ಹೆಡ್‌ಫೋನುಗಳನ್ನೆಲ್ಲ ಬದಿಗಿಟ್ಟು, ಒಂದು ಸಣ್ಣ ಸ್ಪೀಕರಿನಲ್ಲಿ ಮನೆಮಂದಿಯೆಲ್ಲ ಒಂದೇ ಹಾಡು ಕೇಳುವ ಪರಿಪಾಠವೂ ಇರಲಿ.

1956ರ ನವೆಂಬರ್ 1ರಿಂದ ನಾವು ಕೇರಳದ ಪ್ರಜೆಗಳು. ಸರಕಾರ ಏನು ಮಾಡಬೇಕು, ಏನು ಮಾಡಲಿಲ್ಲ ಎಂದು ಕೇಳುವ ಹಕ್ಕು ನಮಗಿದೆ, ಕೇಳುತ್ತಲೂ ಇದ್ದೇವೆ. ಆದರೆ ಮಕ್ಕಳ ಕಿವಿಗೆ ಏನು ಬೀಳಬೇಕು ಎಂಬುದನ್ನು ನಿರ್ಧರಿಸಲು ಯಾವ ಸರಕಾರದ ಅಪ್ಪಣೆಯೂ ಬೇಡ. ಇದೇ ತಿಂಗಳು ಮಗುವಿಗೊಂದು ಹೆಡ್‌ಫೋನ್ ಕೊಳ್ಳಬೇಕೆಂದಿರುವ ತಂದೆತಾಯಿಯರಲ್ಲಿ ನಮ್ಮ ಕೋರಿಕೆ ಇಷ್ಟೆ: ಕಿಸೆಗೆ ನಿಲುಕುವುದನ್ನು ಕೊಳ್ಳಿ, ಮಾತು ತಿಳಿಯಾಗಿ ಕೇಳುವುದನ್ನು ಕೊಳ್ಳಿ, ಸದ್ದನ್ನು ಮಿತಿಯಲ್ಲಿಡಿಸಿ. ಅದನ್ನು ಮಗುವಿನ ಕೈಗೆ ಕೊಡುವಾಗ ಕೇಳಬೇಕಾದ ಕನ್ನಡದ ನಾಲ್ಕು ಒಳ್ಳೆಯ ಹೆಸರುಗಳನ್ನೂ ಜತೆಗೇ ಹೇಳಿಕೊಡಿ.